ಏಳನೇ ನಂಬರಿನ ಶಾಲೆಯ ಚಹಾ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಪ್ರೊಫೆಸರ್ ಮಾಲಕಿ ಡಿಗ್ನನ್ ಅವರೇ, ಡಬ್ಲಿನ್ನಿನಿಂದ ಇಲ್ಲಿಯವರೆಗೆ ರೈಲಿನಲ್ಲಿ ನಿಂತುಕೊಂಡೇ ಬಂದೆ ಎಂದು ಈಗಾಗಲೇ ಮೂರು ಸಲ ಹೇಳಿರುವ ಮುಖ್ಯ ಅತಿಥಿಗಳೇ, ನಮ್ಮ ಸಂಶೋಧನಾ ಕೇಂದ್ರದ ಹಳೆಯ ಮತ್ತು ಹೊಸ ಗೆಳೆಯರೇ, ಮಕ್ಕಳನ್ನು ಮನೆಗೆ ಕಳಿಸಿ ಸೀಮೆಸುಣ್ಣದ ಪುಡಿಯನ್ನೂ ಕೊಡವಿಕೊಳ್ಳದೆ ಬಂದು ಹಿಂದಿನ ಸಾಲುಗಳಲ್ಲಿ ಕೂತಿರುವ ಲಿಮರಿಕ್ ಊರಿನ ಮೇಷ್ಟ್ರುಗಳೇ, ಮೇಡಂಗಳೇ, ಮತ್ತು ಸಮಸ್ತ ಸಭಿಕರೇ,

ಮೊದಲಿಗೆ ಒಂದು ವಿನಂತಿ. ಮೂರನೆಯ ಸಾಲಿನ ತುದಿಯ ಕುರ್ಚಿಗೆ ಒಂದು ಬಿಳಿ ಚೀಟಿ ಅಂಟಿಸಿದೆ. ಬಾಗಿಲ ಬಳಿ ನಿಂತಿರುವವರು ಆಗಿನಿಂದ ಅದರ ಮೇಲೆ ಕಣ್ಣಿಟ್ಟಿದ್ದೀರಿ, ನನಗೆ ಇಲ್ಲಿಂದ ಕಾಣುತ್ತಿದೆ. ದಯವಿಟ್ಟು ಅಲ್ಲಿ ಕೂರಬೇಡಿ. ಅದು ಒಬ್ಬರಿಗಾಗಿ ಕಾದಿರಿಸಿದ ಜಾಗ. ಅವರು ಬರುತ್ತಾರೋ ಇಲ್ಲವೋ ನನಗೆ ತಿಳಿಯದು. ಬರದಿದ್ದರೆ ಅದು ಯಾರ ತಪ್ಪು ಎಂಬುದನ್ನು ಕೊನೆಗೆ ಹೇಳುತ್ತೇನೆ.

ಅಧ್ಯಕ್ಷರು ನನ್ನನ್ನು ಪರಿಚಯಿಸುತ್ತಾ, 'ಅಟ್ರಾಕ್ಟಾ ಹೆನಿಗನ್ ಎಂದರೆ ಒಬ್ಬ ವ್ಯಕ್ತಿಯಲ್ಲ, ಒಂದು ಸಂಸ್ಥೆ' ಎಂದರು. ಸಂಸ್ಥೆಗಳಿಗೆ ಮಂಡಿನೋವು ಇರುವುದಿಲ್ಲ ಪ್ರೊಫೆಸರ್. ನನಗೆ ಎಪ್ಪತ್ತೊಂದು ವರ್ಷ. ಎರಡೂ ಮಂಡಿ ಕೈಕೊಟ್ಟಿವೆ. ಆದ್ದರಿಂದ ಈ ಮೇಜನ್ನು ಹಿಡಿದುಕೊಂಡೇ ಮಾತನಾಡುತ್ತೇನೆ. ನನ್ನ ಭಾಷಣದ ಪ್ರತಿಯನ್ನು ನಿಯಮದಂತೆ ಹದಿನೈದು ದಿನ ಮೊದಲೇ ಕೊಟ್ಟಿದ್ದೆ. ಪತ್ರಿಕೆಯವರ ಕೈಯಲ್ಲಿ ಅದು ಇದೆ. ಅದರಲ್ಲಿರುವ ಯಾವುದನ್ನೂ ನಾನು ಹೇಳುವುದಿಲ್ಲ. ಅಧ್ಯಕ್ಷರೇ, ಗಾಬರಿಯಾಗಬೇಡಿ, ನೀರು ಕುಡಿಯಿರಿ.

ಸಭಿಕರೇ, ಇಂದು ನನಗೆ ಈ ಪದಕ ಕೊಟ್ಟಿರುವುದು ಯಾವುದಕ್ಕೆ? 'ಒಳ್ಳೆಯ ಮೇಷ್ಟ್ರು ಸಾಕು' ಎಂಬ ನನ್ನ ಪುಸ್ತಕಕ್ಕೆ. ಮೂವತ್ತು ವರ್ಷಗಳಿಂದ ಈ ಮೂರು ಮಾತು ಈ ದೇಶದ ಮೂಲೆಮೂಲೆಗೂ ಹೋಗಿವೆ. ತರಬೇತಿ ಕಾಲೇಜುಗಳ ಗೋಡೆಯ ಮೇಲಿವೆ. ಎರಡು ಸಲ ಚುನಾವಣೆಯ ಕರಪತ್ರದಲ್ಲೂ ಬಂದವು. ಆ ಪುಸ್ತಕ ಹೇಳಿದ್ದು ಇಷ್ಟೇ: ಬಡವರ ಕೇರಿಯ ಒಂದು ಶಾಲೆಯಲ್ಲಿ, ಒಬ್ಬ ಒಳ್ಳೆಯ ಮೇಷ್ಟ್ರ ಕೈಯಲ್ಲಿ, ಮಕ್ಕಳ ಓದು ಎರಡೇ ವರ್ಷದಲ್ಲಿ ಇಡೀ ದೇಶದ ಸರಾಸರಿಯನ್ನು ಮುಟ್ಟಿತು. ಹಾಗಾದರೆ ಉಳಿದ ಶಾಲೆಗಳಿಗೇನು ಧಾಡಿ? ಈ ಪ್ರಶ್ನೆಯನ್ನು ನಾನು ಬರೆಯಲಿಲ್ಲ. ಆದರೆ ಓದಿದವರೆಲ್ಲ ಕೇಳಿದರು. ಹಿಂದಿನ ಸಾಲಿನ ಮೇಷ್ಟ್ರುಗಳೇ, ನಿಮ್ಮನ್ನೂ ಎಷ್ಟು ಸಲ ಕೇಳಿದ್ದಾರೆ ಎಂದು ನನಗೆ ಗೊತ್ತು. 'ಏಳನೇ ನಂಬರಿನ ಶಾಲೆಗೆ ಆಗಿದ್ದು ನಿಮಗ್ಯಾಕ್ರೀ ಆಗಲ್ಲ?' ನಿಮ್ಮ ಮುಖದ ಮೇಲೆ ಎಸೆಯಲು ಆ ಶಾಲೆಯನ್ನು ಕಲ್ಲು ಮಾಡಿಕೊಟ್ಟವಳು ನಾನು.

ಆ ಶಾಲೆಗೆ ಹೆಸರಿಲ್ಲ, ನಂಬರು ಮಾತ್ರ. ನಮ್ಮ ಕಸುಬಿನ ನಿಯಮ ಅದು. ಶಾಲೆಯ ಹೆಸರು ಬರೆಯಬಾರದು, ಮಗುವಿನ ಹೆಸರು ಬರೆಯಬಾರದು. ಅವರ ಮಾನ ಕಾಯಲು ಮಾಡಿದ ನಿಯಮ, ಒಳ್ಳೆಯದೇ. ಅದು ಯಾರ ಮಾನ ಕಾಯಿತು ಎಂಬುದು ಬೇರೆ ಮಾತು.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಮನ್ನಿಸಿ. ನನ್ನ ತಂದೆ ರಾಸ್‌ಕಾಮನ್ ಕಡೆಯ ಹಳ್ಳಿಗಳಲ್ಲಿ ಅಂಚೆಯವರಾಗಿದ್ದರು. ಸೈಕಲ್ಲಿನ ಮುಂದೆ ನನ್ನನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಅವರ ದಾರಿಯಲ್ಲಿ ಓದು ಬಾರದ ಮನೆಗಳು ಹನ್ನೊಂದಿದ್ದವು. ಯಾವುವು ಎಂದು ಅವರು ಯಾರಿಗೂ ಬಾಯಿ ಬಿಟ್ಟಿರಲಿಲ್ಲ, ನನ್ನ ಅಮ್ಮನಿಗೂ. ಆ ಮನೆಗಳಲ್ಲಿ ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸುತ್ತಿರಲಿಲ್ಲ. ಬಾಗಿಲು ತಟ್ಟಿ ಒಳಗೆ ಹೋಗಿ ಕೂರುತ್ತಿದ್ದರು.

'ಏನಮ್ಮಾ ಡೆಲಿಯಾ, ಬರ್ಮಿಂಗ್‌ಹ್ಯಾಮಿಂದ ತಂಗಿ ಕಾಗ್ದ ಬಂದಿದೆ. ನಿನ್ ಕನ್ನಡ್ಕ ಎಲ್ಲಿಟ್ಟಿದೀಯೋ ಏನೋ, ಹುಡ್ಕೋ ಹೊತ್ಗೆ ಟೀ ಆರೋಗತ್ತೆ. ನಾನೇ ಓದ್ಬಿಡ್ಲಾ?'

'ಓದಪ್ಪಾ, ಬೆಳಿಗ್ಗೆಯಿಂದ ಹುಡುಕ್ತಾನೇ ಇದೀನಿ ಹಾಳಾದ್ದನ್ನ.'

ಆ ಮನೆಯಲ್ಲಿ ಎಂದೂ ಕನ್ನಡಕ ಇರಲಿಲ್ಲ. ಇಬ್ಬರಿಗೂ ಗೊತ್ತಿತ್ತು. ವಾಪಸು ಬರುವಾಗ ನಾನು, 'ಅಪ್ಪಾ, ಅವ್ಳಿಗೆ ಕನ್ನಡ್ಕಾನೇ ಇಲ್ವಲ್ಲ' ಎಂದೆ. 'ಬಾಯ್ಮುಚ್ಕೊಂಡ್ ಕೂತ್ಕೊ' ಎಂದರು. ನನ್ನ ತಂದೆ ಐದನೇ ತರಗತಿ. ನನಗೆ ಎರಡು ಡಾಕ್ಟರೇಟು. ಈ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಏಳನೇ ನಂಬರಿನ ಶಾಲೆಗೆ ನಾನು ಮೊದಲು ಹೋದಾಗ ಮೂವತ್ತೇಳು ವರ್ಷ. ಈ ಊರಿನದೇ ಶಾಲೆ. ಆ ಕೇರಿಯ ಗಂಡಸರಿಗೆಲ್ಲ ಕೆಲಸ ಕೊಟ್ಟಿದ್ದ ಕಾರ್ಖಾನೆ ಮುಚ್ಚಿ ಆರು ವರ್ಷವಾಗಿತ್ತು. ಮೂರನೇ ತರಗತಿಯಲ್ಲಿ ಇಪ್ಪತ್ತೊಂಬತ್ತು ಮಕ್ಕಳು. ಅವರ ಮೇಷ್ಟ್ರು ಫಿನ್‌ಬಾರ್ ಟೂಹಿ. ಕಾರ್ಕ್ ಊರಿನವರು. ಲಿಮರಿಕ್ಕಿನ ಮಕ್ಕಳಿಗೆ ಕಾರ್ಕಿನ ಮೇಷ್ಟ್ರು ಸಿಕ್ಕಿದರೆ ಏನಾಗುತ್ತದೆ ಎಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಟೂಹಿ ಅದನ್ನೇ ಪಾಠ ಮಾಡಿಕೊಂಡಿದ್ದರು. ಸೋಮವಾರ ಬೆಳಿಗ್ಗೆ ಹಿಂದಿನ ದಿನದ ಹರ್ಲಿಂಗ್ ಪಂದ್ಯದ ವರದಿ ತಂದು, 'ನಮ್ಮೂರು ನಿಮ್ಮೂರನ್ನ ಹೆಂಗ್ ಚಚ್ಚಿತು ಅಂತ ಯಾರು ಓದ್ತೀರೋ?' ಎನ್ನುತ್ತಿದ್ದರು. ಕಾರ್ಕ್ ಸೋತಿದ್ದರಂತೂ ಓದಲು ಮಕ್ಕಳು ಮುಗಿಬೀಳುತ್ತಿದ್ದರು. ಮೇಷ್ಟ್ರು ಎದೆ ಹಿಡಿದುಕೊಂಡು ಕುರ್ಚಿಯ ಮೇಲೆ ಸಾಯುವ ನಾಟಕವಾಡುವರು. ಅಂಥ ತರಗತಿಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಅವರು ಹಸಿರು ಸ್ವೆಟರ್ ಹಾಕುತ್ತಿದ್ದರು. ಮೊಣಕೈಯ ಬಳಿ ಕಂದು ನೂಲಿನ ತೇಪೆ. ತಾವೇ ಹಾಕಿಕೊಂಡದ್ದು. ಮನೆಯಲ್ಲಿ ಹಾಕಿಕೊಡುವವರು ಯಾರೂ ಇರಲಿಲ್ಲ. ಇದನ್ನು ನಾನು ಯಾಕೆ ಹೇಳುತ್ತಿದ್ದೇನೆ? ಸಂಶೋಧಕರ ಕಣ್ಣು ಚುರುಕಾಗಿರಬೇಕು ಎಂಬುದಕ್ಕೆ ಉದಾಹರಣೆ ಎಂದುಕೊಳ್ಳಿ. ಸ್ವೆಟರಿನ ತೇಪೆ ನನಗೆ ಕಂಡಿತ್ತು.

ಮೊದಲ ವರ್ಷ ನಾನು ಮುನ್ಸೂಚನೆ ಇಲ್ಲದೆ ಹೋಗಿ ಓದಿನ ಪರೀಕ್ಷೆ ಮಾಡಿದೆ. ಇಪ್ಪತ್ತೊಂಬತ್ತೂ ಮಕ್ಕಳು ಬರೆದರು. ಫಲಿತಾಂಶ ಹೀನಾಯವಾಗಿತ್ತು. ನಾಲ್ಕು, ಹನ್ನೊಂದು, ಹದಿನೇಳು, ಇಪ್ಪತ್ತಮೂರು, ಇಪ್ಪತ್ತಾರು, ಈ ಐದು ನಂಬರಿನ ಮಕ್ಕಳು ಹಾಳೆಯ ಮೇಲೆ ಒಂದು ಸಾಲನ್ನೂ ಸರಿಯಾಗಿ ಗುರುತಿಸಿರಲಿಲ್ಲ. ಇಪ್ಪತ್ತಮೂರನೇ ನಂಬರು ಹಾಳೆಯ ತುಂಬಾ ಕುದುರೆ ಬರೆದಿತ್ತು. ಚಂದದ ಕುದುರೆ.

ಆಮೇಲಿನ ಎರಡು ವರ್ಷ, ಮೇಷ್ಟ್ರಿಗೆ ತೊಂದರೆಯಾಗದಿರಲಿ ಎಂದು, ದಿನಾಂಕವನ್ನು ಒಂದು ತಿಂಗಳು ಮುಂಚೆ ತಿಳಿಸಿ ಹೋದೆ. ಅದೇ ಮಕ್ಕಳು, ತರಗತಿ ಮಾತ್ರ ಮೇಲೇರಿತ್ತು; ಟೂಹಿಯವರೂ ಅವರ ಜೊತೆಯೇ ಮೇಲೆ ಬಂದಿದ್ದರು. ಮೇ ತಿಂಗಳು. ಇಪ್ಪತ್ತನಾಲ್ಕು ಮಕ್ಕಳು ಬರೆದರು. 'ಐದ್ ಜನ ಇವತ್ತು ಲೆಕ್ಕಕ್ಕಿಲ್ಲ' ಎಂದರು ಟೂಹಿ. ನಾನು 'ಗೈರು: ಐದು' ಎಂದು ಬರೆದುಕೊಂಡೆ. ಆ ಕೇರಿಯಲ್ಲಿ ಐದು ಮಕ್ಕಳು ಗೈರಾಗುವುದು ಯಾವ ದೊಡ್ಡ ವಿಷಯ? ಹಾಜರಿ ಪುಸ್ತಕ ತೆಗೆದು ನೋಡಬಹುದಿತ್ತು. ಅದು ಮೇಜಿನ ಮೇಲೆ, ನನ್ನ ಬಟ್ಟಲಿನ ಪಕ್ಕದಲ್ಲೇ ಇತ್ತು.

ಬಟ್ಟಲು ಎಂದೆನಲ್ಲ, ಅದು ಚಹಾದ ಬಟ್ಟಲು. ಮಕ್ಕಳು ಬರೆಯುವಾಗ ನಾನು ಎದುರಿನ ಚಿಕ್ಕ ಕೋಣೆಯಲ್ಲಿ ಕೂತಿದ್ದೆ. ಹತ್ತು ವರ್ಷದ ಒಂದು ಹುಡುಗಿ ಹಲಗೆಯ ತಟ್ಟೆಯಲ್ಲಿ ಚಹಾ, ಬೆಣ್ಣೆ ಸವರಿದ ಸೋಡಾ ಬ್ರೆಡ್ಡು ಹಿಡಿದು ಮೊಣಕಾಲಿನಿಂದ ಬಾಗಿಲು ತಳ್ಳಿಕೊಂಡು ಬಂದಳು.

'ಮಿಸ್, ಸಕ್ರೆ ಎಷ್ಟು?'

'ಎರಡು ಚಮಚ. ಹಾಲು ಬೇಡ.'

'ಹಾಲಿಲ್ದೇನಾ?' ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. 'ಯಾಕೆ ಮಿಸ್, ಹುಷಾರಿಲ್ವಾ?'

ನಾನು ನಕ್ಕೆ. ಬ್ರೆಡ್ಡು ಬಹಳ ಚೆನ್ನಾಗಿದೆ ಎಂದೆ. ಅವಳ ಕೆನ್ನೆ ಕೆಂಪಾಯಿತು. ಮರುವರ್ಷವೂ ಅವಳೇ ಬಂದಳು, ಕೇಳದೆಯೇ ಎರಡು ಚಮಚ ಹಾಕಿದ್ದಳು. ಸಭಿಕರೇ, ಪರೀಕ್ಷೆಯ ಹೊತ್ತಿನಲ್ಲಿ ಪರೀಕ್ಷೆ ಬರೆಯಬೇಕಾದ ವಯಸ್ಸಿನ ಮಗು ನನಗೆ ಚಹಾ ಕೊಡುತ್ತಿದೆ. ನಾನು ಆಗ ಏನು ಮಾಡಿದೆ ಗೊತ್ತೆ? ಪುಸ್ತಕದಲ್ಲಿ ಶಾಲೆಯ ವಾತಾವರಣ ಎಂಬ ಅಧ್ಯಾಯವಿದೆ. ಅಲ್ಲಿ, 'ಬಂದವರನ್ನು ಮಕ್ಕಳೇ ಉಪಚರಿಸುವಷ್ಟು ಆತ್ಮೀಯ ವಾತಾವರಣ' ಎಂದು ಬರೆದೆ. ಆ ಚಹಾವನ್ನೂ ಬಿಡಲಿಲ್ಲ. ಅದನ್ನೂ ಒಂದು ಸಾಕ್ಷಿ ಮಾಡಿಕೊಂಡೆ.

ಕಿಟಕಿಯ ಆಚೆ ಇನ್ನು ನಾಲ್ವರು ಆಲೂಗಡ್ಡೆಯ ಪಾತಿ ಅಗೆಯುತ್ತಿದ್ದರು. ಟೂಹಿ ಬಂದು ನನ್ನ ಪಕ್ಕ ನಿಂತು ಅವರನ್ನೇ ನೋಡುತ್ತಾ ಅಂದರು: 'ಇವ್ರಿಗೆ ಸೋಲೋದನ್ನ ಇನ್ನೊಂದ್ಸಲ ಯಾಕ್ ಕಲಿಸ್ಬೇಕು ಹೇಳಿ? ಅದೊಂದನ್ನ ಚೆನ್ನಾಗೇ ಕಲ್ತಿದಾರೆ.' ಎಂಥ ಆಳವಾದ ಮಾತು ಎಂದುಕೊಂಡೆ. ಅದನ್ನೂ ಬರೆದುಕೊಂಡೆ. ಪುಸ್ತಕದ ಮೂರನೆಯ ಅಧ್ಯಾಯ ಆ ಮಾತಿನಿಂದಲೇ ಶುರುವಾಗುತ್ತದೆ. ಟೂಹಿ ನನಗೆ ಸುಳ್ಳು ಹೇಳಲಿಲ್ಲ. ಬಾಯಿಬಿಟ್ಟು ಹೇಳಿಯೇ ಬಿಟ್ಟಿದ್ದರು. ಕೇಳಿಸಿಕೊಳ್ಳಬೇಕಾದವಳು ಸ್ವೆಟರನ್ನು ನೋಡುತ್ತಿದ್ದಳು. ಇದಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಅವರು ಹನ್ನೊಂದು ವರ್ಷದ ಹಿಂದೆ ತೀರಿಕೊಂಡರು. ಶವಸಂಸ್ಕಾರಕ್ಕೆ ಹೋಗಿ ಕೊನೆಯ ಸಾಲಿನಲ್ಲಿ ಕೂತು ಬಂದೆ, ಅಷ್ಟೇ.

ಅತಿ ಹಿಂದುಳಿದ ಐದು ಮಕ್ಕಳನ್ನು ಹೊರಗಿಟ್ಟರೆ ಸರಾಸರಿ ಏರದೆ ಇನ್ನೇನಾಗುತ್ತದೆ? ಒಂದನೇ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ವಿಷಯ. ಅರವತ್ತೊಂದನೇ ಪುಟದ ಅಡಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ಒಂದು ಟಿಪ್ಪಣಿ ಇದೆ: 'ಗೈರಾದ ಐವರನ್ನು ಪರಿಗಣಿಸಿಲ್ಲ.' ಅಷ್ಟು ಬರೆದು ಕೈ ತೊಳೆದುಕೊಂಡೆ. ಮೂವತ್ತು ವರ್ಷ ಯಾವ ಪಂಡಿತರೂ ಅದನ್ನು ಎತ್ತಿ ಕೇಳಲಿಲ್ಲ. ಯಾಕೆ ಕೇಳಬೇಕು? ಎಲ್ಲರಿಗೂ ಬೇಕಾದ ಮಾತು ಅದಾಗಿತ್ತು. ಬಡತನಕ್ಕೆ ಏನೂ ಮಾಡಬೇಕಾಗಿಲ್ಲ, ಮೇಷ್ಟ್ರು ಚೆನ್ನಾಗಿದ್ದರಾಯಿತು! ಇದಕ್ಕಿಂತ ಅಗ್ಗದ ಸುದ್ದಿ ಯಾರು ತಂದುಕೊಟ್ಟಾರು?

ಕಳೆದ ಜನವರಿಯಲ್ಲಿ ಆ ಐವರನ್ನು ಅವರ ಮೊದಲ ವರ್ಷದ ಅಂಕದೊಂದಿಗೇ ಒಳಗೆ ಸೇರಿಸಿ ಲೆಕ್ಕವನ್ನೆಲ್ಲ ಮತ್ತೆ ಹಾಕಿದೆ. ಟೂಹಿಯವರ ಉಳಿದ ಮಕ್ಕಳು ನಿಜಕ್ಕೂ ಸ್ವಲ್ಪ ಮುಂದೆ ಹೋಗಿದ್ದರು. ಸ್ವಲ್ಪವೇ. ಒಬ್ಬ ಒಳ್ಳೆಯ ಮನುಷ್ಯ ತನ್ನ ಜೀವ ತೇಯ್ದು ಅಷ್ಟು ಮಾಡಬಹುದು. ಆ ಸ್ವಲ್ಪ ನಿಜ. ಪವಾಡ ಸುಳ್ಳು. ನಾವು ಪವಾಡವನ್ನು ತಲೆಯ ಮೇಲೆ ಹೊತ್ತು ಮೆರೆಸಿದೆವು, ಸ್ವಲ್ಪವನ್ನು ಯಾರೂ ಮೂಸಿ ನೋಡಲಿಲ್ಲ.

ಇದೆಲ್ಲ ನನಗೆ ತಿಳಿದದ್ದು ಹೇಗೆ ಎಂದು ಕೇಳುತ್ತೀರಿ. ನಿವೃತ್ತಿಯ ನಂತರ ನಾನು ಗುರುವಾರ ಬೆಳಿಗ್ಗೆ ಚರ್ಚಿನ ಪಕ್ಕದ ಕೋಣೆಯಲ್ಲಿ ದೊಡ್ಡವರಿಗೆ ಓದು ಕಲಿಸುತ್ತೇನೆ. ಪುಣ್ಯ ಕಟ್ಟಿಕೊಳ್ಳಲು ಅಲ್ಲ. ಮನೆಯಲ್ಲಿ ಒಬ್ಬಳೇ ಕೂತು ಬೇಸರವಾಗುತ್ತದೆ, ಅದಕ್ಕೆ. ಹೋದ ಅಕ್ಟೋಬರಿನಲ್ಲಿ ಒಬ್ಬ ಹೆಂಗಸು ಬಂದಳು. ವಯಸ್ಸು ನಲವತ್ತರ ಮೇಲೆ. ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ. ಅಲ್ಲಿ ಹೊಸ ನಿಯಮ ಬಂದಿತ್ತಂತೆ: ಔಷಧಿಯ ಡಬ್ಬಿಗಳ ಮೇಲಿನ ಎಚ್ಚರಿಕೆ ಓದಿ ಪರೀಕ್ಷೆ ಬರೆಯಬೇಕು, ಇಲ್ಲದಿದ್ದರೆ ಕೆಲಸವಿಲ್ಲ. ಹಾಳೆ ಮುಂದಿಟ್ಟಾಗ, 'ಅಯ್ಯೋ, ಕನ್ನಡ್ಕ ಮರ್ತ್ಬಂದೆ' ಎಂದಳು. ನನ್ನ ತಂದೆಯ ನೆನಪಾಯಿತು. 'ಪರ್ವಾಗಿಲ್ಲ, ನಾನೇ ಓದ್ತೀನಿ' ಎಂದೆ. ನಡುವೆ ಚಹಾದ ಹೊತ್ತಾಯಿತು. ಅವಳೇ ಎದ್ದು ಹೋಗಿ ನನ್ನ ಮುಂದೆ ಬಟ್ಟಲು ತಂದಿಟ್ಟಳು. ಎರಡು ಚಮಚ ಸಕ್ಕರೆ. ಹಾಲಿಲ್ಲ.

'ಯಾರು ಹೇಳಿದ್ರು ನಿಂಗೆ?'

'ನೀವೇ ಹೇಳಿದ್ರಿ ಮಿಸ್. ಟೂಹಿ ಸರ್ ಕ್ಲಾಸಿಗೆ ಬರ್ತಿದ್ರಲ್ಲ, ಆವಾಗ. ಹಾಲಿಲ್ದೆ ಟೀ ಕುಡ್ಯೋರು ಈ ಊರಲ್ಲಿ ಇನ್ಯಾರಿದಾರೆ?'

ಜಸಿಂತಾ ಮಲ್ಕ್ವೀನ್. ಇಪ್ಪತ್ತಮೂರನೇ ನಂಬರು. ಮೊದಲ ಪರೀಕ್ಷೆಯ ಹಾಳೆಯ ತುಂಬಾ ಕುದುರೆ ಬರೆದದ್ದು ತಾನೇ ಎಂದಳು. ಮೂವತ್ತು ವರ್ಷದ ಮೇಲೆ ಅವಳ ಹೆಸರು ನನಗೆ ತಿಳಿಯಿತು. ಅವಳು ನನ್ನ ಸಕ್ಕರೆಯ ಲೆಕ್ಕವನ್ನೂ ಮರೆತಿರಲಿಲ್ಲ.

ಆಮೇಲೆ ವಾರ ವಾರವೂ ಸ್ವಲ್ಪ ಸ್ವಲ್ಪ ಹೇಳಿದಳು, ನಗುನಗುತ್ತಲೇ. 'ನೀವ್ ಬರೋ ದಿನ ನಮ್ಗೆ ಹಬ್ಬ ಮಿಸ್. ಅವ್ರೆಲ್ಲ ಒಳಗ್ ಕೂತ್ ಒದ್ದಾಡ್ತಿದ್ರೆ ನಾವ್ ಐದ್ ಜನ ಹೊರ್ಗೆ. ನಾನು ಅಡ್ಗೆಮನೆ, ಉಳ್ದೋರು ತೋಟ. ನಾವೇ ಅದೃಷ್ಟವಂತ್ರು ಅಂದ್ಕೊಂಡಿದ್ವಿ. ಟೂಹಿ ಸರ್ ತುಂಬಾ ಒಳ್ಳೇವ್ರು. ಒಂದಿನಾನೂ ನನ್ನ ದಡ್ಡಿ ಅನ್ಲಿಲ್ಲ.'

'ಮತ್ತೆ ಓದು? ಪಕ್ಕದ ಕೋಣೇಲಿ ನಿಮಗೆ ಬೇರೆ ಮಿಸ್ ಇದ್ರಲ್ಲ?'

'ಇದ್ರು. ಬ್ರಿಡೀ ಮಿಸ್. ನಮ್ಮೈದ್ ಜನಕ್ಕೇ ಅಂತ. ಬೆರಳಿಟ್ಟು ಒಂದೊಂದೇ ಅಕ್ಷರ ಬಿಡಿಸೋರು. ಇನ್ನೇನ್ ಹಿಡೀತಿತ್ತು ಮಿಸ್, ಇನ್ನೇನ್ ಹಿಡೀತಿತ್ತು. ಆರನೇ ಕ್ಲಾಸಿಗ್ ಬಂದಾಗ ಅವ್ರೇ ಇಲ್ಲ. ಮದ್ವೆಯಾಗಿ ಹೋಗ್ಬಿಟ್ರೇನೋ ಅಂದ್ಕೊಂಡ್ವಿ.'

ಬ್ರಿಡೀ ಮಿಸ್‌ಗೆ ಮದುವೆಯಾಗಲಿಲ್ಲ ಸಭಿಕರೇ. ನನ್ನ ಪುಸ್ತಕ ಹೊರಬಂದಿತ್ತು. ಸರಾಸರಿ ಮುಟ್ಟಿದ ಶಾಲೆಗೆ ವಿಶೇಷ ಮೇಡಂ ಯಾಕೆ ಎಂದು, ನಂಬರಿನ ಹಿಂದಿನ ಶಾಲೆ ಯಾವುದೆಂದು ತಿಳಿದಿದ್ದ ಇಲಾಖೆಯ ಪಟ್ಟಿ ಮಾಡುವವರು ಕೇಳಿದರು. ಏಳನೇ ನಂಬರಿನ ಶಾಲೆಯನ್ನು ಹಿಂದುಳಿದ ಶಾಲೆಗಳ ಪಟ್ಟಿಯಿಂದ ತೆಗೆದು, ಬ್ರಿಡೀ ಮಿಸ್ ಅವರನ್ನು ಬೇರೆ ಊರಿಗೆ ಹಾಕಿದರು. ಆ ಸುದ್ದಿ ಬಂದಾಗ ನನ್ನ ಗೆಳೆಯರು ಬೆನ್ನು ತಟ್ಟಿದರು. 'ಸಂಶೋಧನೆಗೆ ಫಲ ಸಿಕ್ಕೋದು ಅಂದ್ರೆ ಇದು' ಎಂದರು. ನಾನು ಆ ಸಂತೋಷಕ್ಕೆ ಹೊಸ ಕೋಟು ಕೊಂಡೆ. ಇದೇ ಕೋಟು. ಒಳ್ಳೆಯ ಬಟ್ಟೆ, ಇನ್ನೂ ಹರಿದಿಲ್ಲ.

ಇದನ್ನೆಲ್ಲ ನಾನು ಜಸಿಂತಾಳಿಗೆ ಆಗಲೇ ಹೇಳಬೇಕಾಗಿತ್ತು. ಕೈ ಹಿಡಿದುಕೊಂಡು, 'ಅಮ್ಮಾ, ನಿನ್ನ ಮಿಸ್ ಅನ್ನು ಕಳಿಸಿದವಳು ನಾನು' ಎನ್ನಬೇಕಾಗಿತ್ತು. ಒಂದು ವಾಕ್ಯ. ಬದಲಿಗೆ ನಾನು ಏನು ಮಾಡಿದೆ? ಐದನೆಯ ಗುರುವಾರ ಚೀಲದಿಂದ ನೋಟ್‌ಬುಕ್ ತೆಗೆದೆ. ಪೆನ್ನಿನ ಮುಚ್ಚಳ ಬಿಚ್ಚಿದೆ.

'ಇನ್ನೊಂದ್ಸಲ ಹೇಳು ಜಸಿಂತಾ. ಅಡ್ಗೆಮನೆಗೆ ಕಳ್ಸಿದ್ದು ಎಷ್ಟ್ ಸಲ? ಯಾವ್ಯಾವ ವರ್ಷ?'

ಅವಳ ನಗು ನಿಂತಿತು. ನೋಟ್‌ಬುಕ್ಕನ್ನು ನೋಡಿದಳು, ನನ್ನನ್ನು ನೋಡಿದಳು.

'ಬರ್ಕೊಳ್ತಿದೀರಾ?'

'ಸುಮ್ನೆ, ನೆನಪಿಗೆ.'

'ನೀವೇನ್ ಬರೆದ್ರೂ ನಂಗ್ ಓದಕ್ಕಾಗಲ್ಲ, ಅಲ್ವಾ ಮಿಸ್?' ಎಂದಳು. ಸಿಟ್ಟಿನಿಂದಲ್ಲ. ಲೆಕ್ಕ ಸರಿಯಿದೆಯೇ ಎಂದು ಕೇಳುವವರ ಹಾಗೆ. ಆಮೇಲೆ ಎದ್ದು ಹೋಗಿ ಚಹಾ ಮಾಡಿ ತಂದಿಟ್ಟಳು. ಎರಡು ಚಮಚ, ಹಾಲಿಲ್ಲ. ಗೂಟದಿಂದ ತನ್ನ ಕೋಟು ತೆಗೆದುಕೊಂಡು ಹೋದಳು. ಮತ್ತೆ ಬರಲಿಲ್ಲ. ಆಸ್ಪತ್ರೆಯ ಪರೀಕ್ಷೆ ಡಿಸೆಂಬರಿನಲ್ಲಿತ್ತು. ಏನಾಯಿತೋ ನನಗೆ ಗೊತ್ತಿಲ್ಲ. ವಿಚಾರಿಸುವ ಧೈರ್ಯವಾಗಲಿಲ್ಲ.

ಈಗ ಕುರ್ಚಿಯ ವಿಷಯಕ್ಕೆ ಬರುತ್ತೇನೆ. ಆ ಚೀಟಿಯ ಮೇಲೆ ಅವಳ ಹೆಸರಿದೆ. ಈ ಸಭೆ ನಿಶ್ಚಯವಾದಾಗ ನಾನು ತೀರ್ಮಾನಿಸಿದೆ: ಎಲ್ಲರೆದುರು ನಿಜ ಹೇಳುತ್ತೇನೆ, ಅವಳ ಎದುರಿಗೇ ಹೇಳುತ್ತೇನೆ, ಕ್ಷಮೆ ಕೇಳುತ್ತೇನೆ. ಆಹ್ವಾನವನ್ನು ನಾನೇ ಬರೆದೆ. ಎರಡು ಪುಟ, ನನ್ನ ಕೈಬರಹ, ಹರಿದು ಹರಿದು ಆರು ಸಲ ತಿದ್ದಿದೆ. ಕೇಂದ್ರದ ಲಾಂಛನವಿರುವ ದಪ್ಪ ಬಿಳಿ ಲಕೋಟೆಯಲ್ಲಿಟ್ಟು ವಿಳಾಸ ಬರೆದು ಅಂಚೆಗೆ ಹಾಕಿದೆ. ಮನಸ್ಸು ಹಗುರವಾಯಿತು. ಆ ದಿನ ಚೆನ್ನಾಗಿ ಊಟವೂ ಸೇರಿತು.

ನಗಬೇಡಿ. ಅಥವಾ ನಕ್ಕುಬಿಡಿ, ಮುಂದಿನ ಸಾಲಿನಲ್ಲಿ ಕೆಲವರಿಗೆ ಈಗ ಹೊಳೆಯುತ್ತಿದೆ. ಓದಲು ಬಾರದವರ ಬಗ್ಗೆ ನಲವತ್ತು ವರ್ಷ ಸಂಶೋಧನೆ ಮಾಡಿದವಳು, ಓದಲು ಬಾರದ ಹೆಂಗಸಿಗೆ ಎರಡು ಪುಟದ ಕಾಗದ ಬರೆದು ಕಳಿಸಿದ್ದೇನೆ. ಅದು ನನಗೆ ಹೊಳೆದದ್ದು ಒಂಬತ್ತು ದಿನದ ಮೇಲೆ, ಪಾತ್ರೆ ತೊಳೆಯುವಾಗ. ಅವಳು ಒಂದು ಗುರುವಾರ ನನಗೆ ಹೇಳಿದ್ದೂ ನೆನಪಾಯಿತು: 'ಲಕೋಟೆ ಬಂದ್ರೆ ಗಡಿಯಾರದ ಹಿಂದೆ ಸಿಗಿಸಿಡ್ತೀನಿ ಮಿಸ್, ಬಿಳೀದು, ಕಂದುಬಣ್ಣದ್ದು, ಎಲ್ಲಾ. ಅರ್ಜೆಂಟ್ ಇದ್ರೆ ಬಾಗ್ಲು ತಟ್ತಾರೆ ಬಿಡಿ.'

ನನ್ನ ತಂದೆ ಹನ್ನೊಂದು ಮನೆಯ ಬಾಗಿಲು ತಟ್ಟುತ್ತಿದ್ದರು. ನನಗೆ ತಟ್ಟಬೇಕಾದ ಬಾಗಿಲು ಒಂದೇ ಇತ್ತು. ಅದು ಈ ಸಭಾಂಗಣದಿಂದ ಹತ್ತು ನಿಮಿಷದ ದಾರಿ.

ಇಂದು ಬೆಳಿಗ್ಗೆ ಅಲ್ಲಿಗೆ ಹೋದೆ. ಒಳಗೆ ರೇಡಿಯೋ ಹಾಡುತ್ತಿತ್ತು. ಯಾರೋ ಓಡಾಡುವ ಸದ್ದೂ ಕೇಳಿಸಿತು. ಕೈ ಎತ್ತಿದೆ. 'ಏನ್ ಬೇಕಿತ್ತು ಮಿಸ್?' ಎಂದು ಅವಳು ಕೇಳಿದರೆ ಏನು ಹೇಳಲಿ? ನನ್ನ ಕಥೆ ಮುಗಿಸಲು ನೀನು ಬಂದು ಮೂರನೇ ಸಾಲಿನಲ್ಲಿ ಕೂರಬೇಕು, ನಾನು ಅಳುವುದನ್ನು ಎಲ್ಲರೂ ನೋಡುವಾಗ ನೀನೂ ನೋಡಬೇಕು, ಎನ್ನಲೇ? ಮತ್ತೆ ನನಗೇ ಏನೋ ಬೇಕಾಗಿತ್ತು. ಆಗ ಅಂಕ ಬೇಕಾಗಿತ್ತು, ಆಮೇಲೆ ನೆನಪು ಬೇಕಾಗಿತ್ತು, ಈಗ ಕ್ಷಮೆ ಬೇಕಾಗಿದೆ. ಅವಳಿಗೆ ಬೇಕಾಗಿದ್ದದ್ದು ಒಂದೇ, ಬ್ರಿಡೀ ಮಿಸ್‌ರ ಇನ್ನೊಂದು ವರ್ಷ. ಅದನ್ನು ತಂದುಕೊಡಲು ನನ್ನಿಂದ ಆಗುತ್ತದೆಯೇ? ಎತ್ತಿದ ಕೈ ಇಳಿಸಿ ಹಿಂದಿರುಗಿದೆ. ಅದು ಹೇಡಿತನವೋ ವಿವೇಕವೋ ಎಂದು ಬೆಳಿಗ್ಗೆಯಿಂದ ಯೋಚಿಸಿದೆ. ಹೇಡಿತನವೇ.

ಅಧ್ಯಕ್ಷರಿಗೆ ಇದೆಲ್ಲ ಹೊಸದಲ್ಲ. ಫೆಬ್ರವರಿಯಲ್ಲೇ ಹೇಳಿ, ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದಿದ್ದೆ. 'ಹಳೇ ಕಥೆ ಬಿಡಿ ಅಟ್ರಾಕ್ಟಾ. ಸಮಾರಂಭ ಮುಗೀಲಿ, ಊಟ ಮಾಡ್ತಾ ಮಾತಾಡೋಣ' ಎಂದರು. ಕೆಟ್ಟವರಲ್ಲ. ಟೂಹಿಯೂ ಕೆಟ್ಟವರಾಗಿರಲಿಲ್ಲ. ಪಟ್ಟಿ ಮಾಡಿದವರೂ ಕೆಟ್ಟವರಾಗಿರಲಿಲ್ಲ. ಇಷ್ಟು ಒಳ್ಳೆಯವರು ಸೇರಿ ಒಂದು ಮಗುವಿಗೆ ಅಕ್ಷರ ಬರದಂತೆ ನೋಡಿಕೊಂಡೆವು.

ನಿಮ್ಮ ಕುರ್ಚಿಯ ಕೆಳಗಿನ ಚೀಲದಲ್ಲಿ ಪುಸ್ತಕದ ಹೊಸ ಮುದ್ರಣವಿದೆ, ಚಿನ್ನದ ಬಣ್ಣದ ರಕ್ಷಾಪುಟ. ದಯವಿಟ್ಟು ಅರವತ್ತೊಂದನೇ ಪುಟ ತೆಗೆಯಿರಿ. 'ಗೈರಾದ ಐವರು' ಎಂಬುದನ್ನು ಹೊಡೆದುಹಾಕಿ, 'ಐವರೂ ಶಾಲೆಯಲ್ಲೇ ಇದ್ದರು' ಎಂದು ಬರೆದುಕೊಳ್ಳಿ. ನಾನು ಕಾಯುತ್ತೇನೆ.

ಯಾರಾದರೂ... ಇಲ್ಲ. ಅಲ್ಲೊಬ್ಬರು ಪೆನ್ನು ತೆಗೆದರು ಎಂದುಕೊಂಡೆ, ಮೊಬೈಲು. ಹಿಂದಿನ ಸಾಲಿನ ಮೇಡಂ ಒಬ್ಬರು ಬರೆಯುತ್ತಿದ್ದಾರೆ. ಒಬ್ಬರು. ಆಗಲಿ.

ಉಳಿದ ನಾಲ್ವರ ಹೆಸರು ಕೇಳಿದರೆ ನನಗೆ ಗೊತ್ತಿಲ್ಲ. ನಾಲ್ಕು, ಹನ್ನೊಂದು, ಹದಿನೇಳು, ಇಪ್ಪತ್ತಾರು. ಇಷ್ಟೇ ಗೊತ್ತು. ಹೆಸರು ಬರೆದಿಡುವುದು ನಿಯಮಕ್ಕೆ ವಿರುದ್ಧವಾಗಿತ್ತು.

ಪದಕವನ್ನು ಇಲ್ಲೇ ಮೇಜಿನ ಮೇಲೆ ಬಿಟ್ಟಿದ್ದೇನೆ. ಅದನ್ನು ಎಸೆಯುವ ಶಕ್ತಿ ನನಗಿಲ್ಲ, ಇಟ್ಟುಕೊಳ್ಳುವ ಯೋಗ್ಯತೆಯೂ ಇಲ್ಲ. ಈಗ ಪಕ್ಕದ ಕೋಣೆಯಲ್ಲಿ ಎಲ್ಲರಿಗೂ ಚಹಾ ಇದೆಯಂತೆ. ಹೋಗಿ, ಬಿಸಿಯಿರುವಾಗಲೇ ಕುಡಿಯಿರಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೂತ ನಿಮಗೆಲ್ಲ ಧನ್ಯವಾದ. ನೀರು ಕುಡಿದು ಮುಗಿಸಿದ ಅಧ್ಯಕ್ಷರಿಗೂ, ರೈಲಿನಲ್ಲಿ ನಿಂತು ಬಂದ ಅತಿಥಿಗಳಿಗೂ ಧನ್ಯವಾದ. ಮತ್ತು ಎರಡು ವರ್ಷ, ಐದು ಗುರುವಾರ, ನನಗೆ ಎರಡು ಚಮಚ ಸಕ್ಕರೆ ಹಾಕಿ, ಹಾಲಿಲ್ಲದ ಚಹಾ ತಂದುಕೊಟ್ಟ ಜಸಿಂತಾ ಮಲ್ಕ್ವೀನ್‌ಗೆ. ಅವಳ ಹೆಸರಿನ ಕುರ್ಚಿ ಈಗಲೂ ಖಾಲಿಯೇ ಇದೆ. ನನ್ನ ಕಾಗದ ಗಡಿಯಾರದ ಹಿಂದೆ ಇದೆ. ನಮಸ್ಕಾರ.